ಮಿಷನ್ನಿನ ಆಯುಧಪೂಜೆ

ಮನೆ ಮುಂದೆ ಎರಡು ಮಂಚದಗಲ ಬೆಳೆದಿದ್ದ ಗರಿಕೆ ಹುಲ್ಲನ್ನು ಕತ್ತರಿಸಲು ಮಿಷನ್ ಬೇಕೆಂದು ಎಂಟು ಅಂಗಡಿ ಅಲೆದೆ. ನನಗೆ ಹೆಣ್ಣು ನೋಡುವಾಗಲೂ ನಮ್ಮಪ್ಪ ಇಷ್ಟು ಅಲೆದಿರಲಿಲ್ಲ. ತಂದ ಮೇಲೆ ಅದನ್ನು ಮಗುವಿನಂತೆ ನೋಡಿಕೊಂಡೆ. ಬ್ಲೇಡಿಗೆ ಸಾಣೆ ಹಿಡಿಸಿದೆ, ಎಣ್ಣೆ ಬಿಟ್ಟೆ. ಮಳೆಗೆ ತುಕ್ಕು ಹಿಡಿದೀತೆಂದು ಸಿಮೆಂಟು ಹಾಕಿಸಿ ಒಂದು ಶೆಡ್ಡನ್ನೂ ಕಟ್ಟಿಸಿದೆ.

ಆಯುಧಪೂಜೆಯ ದಿನ ಮಿಷನ್ನಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದೆ. ಹೆಂಡತಿ ಸಗಣಿಯ ಬೆನಕನನ್ನು ಮಾಡಿ ತಂದಳು. ಅವನ ನೆತ್ತಿಗೆ ಸಿಕ್ಕಿಸಲು ಗರಿಕೆ ಇರಲಿಲ್ಲ.

"ಮನೆ ಮುಂದೇನೇ ಬೆಳೆದಿರುವಾಗ ಗರಿಕೆಗೇನು ಬರ? ಹೋಗಿ ಕಿತ್ಕೊಂಡು ಬಾರೇ," ಎಂದೆ ಗತ್ತಿನಿಂದ.

ಅವಳು ಕದಲಲಿಲ್ಲ.

"ಎಲ್ಲಿಂದ ಕೀಳ್ಲಿ ರೀ? ಇದ್ದಬದ್ದ ಹುಲ್ಲಿನ ಮೇಲೇ ಅಲ್ವಾ ನೀವು ಈ ಶೆಡ್ ಕಟ್ಟಿಸಿದ್ದು?"