ಅಪ್ಪನಿಗೆ ಬಹುವಚನ

ಓದಿದ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುವಾಗ ಅಭಿಪ್ರಾಯವನ್ನು ಅದರ ಎದುರಿಗೇ ಹೇಳಬೇಕು. ಒಪ್ಪಿದರೆ ಪುಸ್ತಕ ತನ್ನನ್ನು ತಿದ್ದಿಕೊಳ್ಳುತ್ತದೆ. ಮೊದಲು ಒಂದು ಕಾದಂಬರಿಗೆ, "ಕೊನೆ ಸಪ್ಪೆ" ಎಂದೆ. ಕೊನೆಯ ಅಧ್ಯಾಯ ಅಲ್ಲೇ ಅಳಿಸಿಹೋಯಿತು.

ಆಮೇಲೆ ದಾಕ್ಷಾಯಿಣಿ ಎಂಬ ನರ್ಸ್ ಬರೆದ ಆತ್ಮಕಥೆ. ಓದುವಾಗಲೇ ನನಗೆ ಸಿಟ್ಟು ಬಂದಿತ್ತು.

"ಗಟ್ಟಿಯಾಗಿ ಹೇಳಿ ಮೇಡಂ, ಅದಕ್ಕೆ ಕೇಳಿಸ್ಬೇಕು," ಎಂದರು ಗ್ರಂಥಪಾಲಕ ಇಕ್ಬಾಲ್.

"ಬೆಲ್ಟ್ ಬಿಚ್ಚಿ ಬಾರಿಸ್ದೋನಿಗೆ ಯಾಕಮ್ಮ ಇನ್ನೂ ಬಹುವಚನ? 'ಅಪ್ಪ ಹೊಡೆದರು' ಅಂತೆ. 'ಹೊಡೆದ' ಅಂತ ಬರಿ."

ಪುಟಗಳು ಬಹಳ ಹೊತ್ತು ಅಲುಗಾಡಿದವು. ತೆರೆದು ನೋಡಿದೆ. 'ಕುಡಿದು ಬಂದ', 'ಹೊಡೆದ', 'ಹೊರಗೆ ದಬ್ಬಿದ'. ಎಲ್ಲ ಕಡೆಯೂ ತಿದ್ದಿಕೊಂಡಿತ್ತು, ಕೊನೆಯ ಸಾಲೊಂದನ್ನು ಬಿಟ್ಟು:

'ಸಾಯುವ ದಿನ ಅಪ್ಪ ನನ್ನ ಕೈ ಹಿಡಿದು, ಸಿಸ್ಟರ್, ನನ್ನ ಮಗಳನ್ನ ಕರೀರಿ ಎಂದರು.'