ಹೆಸರಿಲ್ಲದ ಹನ್ನೊಂದು ಪುಟ

ಊಟದ ಹೊತ್ತಿನಲ್ಲಿ ಪ್ರಾಧ್ಯಾಪಕರ ಕೋಣೆಗೆ ನುಗ್ಗಿದ ಸಂಶೋಧಕ ಬಾಗಿಲಿನ ಚಿಲಕ ಹಾಕಿದ. ಹನ್ನೊಂದು ಪುಟಗಳನ್ನು ಅವರ ಮುಂದೆ ಎಸೆದು, ಅವರ ಎಡಗೈಯನ್ನು ಮೇಜಿಗೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದ.

"ಈ ಪರಿಶೀಲನಾ ವರದಿ ಓದಿ ಜರ್ನಲ್‌ನವ್ರು ನನ್ನ ಲೇಖನ ತಿರಸ್ಕರಿಸ್ಯಾರ. ಪರಿಶೀಲನಾ ಮಾಡಿದವ್ರ ಹೆಸರು ಹೇಳಂಗಿಲ್ಲಂತ. ಬರದವ್ರು ನೀವ ಏನ್ರಿ?"

"ದೇವರಾಣಿ ನಾ ಅಲ್ಲಪಾ!"

ಸುತ್ತಿಗೆ ಬಿತ್ತು. ಕಿರುಬೆರಳು ಮುರಿಯಿತು. ಪ್ರಾಧ್ಯಾಪಕರು ಚೀರಿದರು, ಒಪ್ಪಿಕೊಳ್ಳಲಿಲ್ಲ. ಪಕ್ಕದ ಬೆರಳೂ ಮುರಿಯಿತು. ಆಗಲೂ ಒಪ್ಪಿಕೊಳ್ಳಲಿಲ್ಲ.

ಅಷ್ಟರಲ್ಲಿ ಅವನಿಗೆ ಗೆಳೆಯನ ಫೋನ್ ಬಂತು. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. ಸುತ್ತಿಗೆ ಕೆಳಗಿಟ್ಟು ಪ್ರಾಧ್ಯಾಪಕರ ಕಾಲಿಗೆ ಬಿದ್ದ.

"ತಪ್ಪಾತ್ರಿ ಸರ. ಬರದವ್ರು ನಿಮ್ಮ ಪಕ್ಕದ ಕೋಣಿ ಹಂಚಿನಾಳ ಸರ ಅಂತ. ಕ್ಯಾಂಟೀನದಾಗ ಕುಂತು 'ನಾನ ಬರದದ್ದು' ಅಂತ ಎಲ್ಲಾರಿಗೂ ಹೇಳಾಕತ್ತಾರಂತ."

"ಹಂಚಿನಾಳ? ಅಂವಾ?"

"ಹೌದ್ರಿ. ಅವರ ಹತ್ತೂ ಬೆರಳು ಪುಡಿ ಮಾಡ್ತೀನಿ. ಆದ್ರ ಖರೆ ಹೇಳ್ಬೇಕಂದ್ರ, ನನ್ನ ಲೇಖನ ಇಷ್ಟು ಮನಸಿಟ್ಟು ಯಾರೂ ಓದಿಲ್ರಿ. ನಾಕನೇ ಕೋಷ್ಟಕದಾಗಿನ ತಪ್ಪು ನನ್ನ ಗೈಡಿಗೂ ಕಂಡಿರ್ಲಿಲ್ಲ. ಏನ್ ತಲಿರೀ ಅವರದು!"

ಅವನು ಸುತ್ತಿಗೆ ಎತ್ತಿಕೊಂಡು, ಚಿಲಕ ತೆಗೆದು, ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟ.

"ನಿಲ್ಲಲೇ," ಎಂದರು ಪ್ರಾಧ್ಯಾಪಕರು, ಉಳಿದ ಮೂರು ಬೆರಳುಗಳನ್ನು ಮೇಜಿನ ಮೇಲೆ ಹರಡುತ್ತ. "ಆ ತಪ್ಪು ಹಿಡದಾಂವ ನಾನು."