ಎಳೆದ ಸ್ವರ

ಪುಷ್ಯದ ಬಿಸಿಲಿಗೆ ಕಣದಲ್ಲಿ ಹರಡಿದ್ದ ಕಾಫಿ ಹಣ್ಣನ್ನು ಇಂದ್ರಮ್ಮ ಕಾಲಾಡಿಸಿ ಮಗುಚುತ್ತಿದ್ದಳು. ಕಟ್ಟೆಯ ಮೇಲಿಟ್ಟ ಅವಳ ಮೊಬೈಲಿನಲ್ಲಿ, ಐದು ತಿಂಗಳ ಹಿಂದೆ ತೀರಿಕೊಂಡ ಗಂಡ ರಂಗಸ್ವಾಮಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ಅವನು ನುಡಿಸಿದ ಜಾಝ್ ಕ್ಯಾಸೆಟ್ಟುಗಳನ್ನೆಲ್ಲ ಮಗಳು ಅದಕ್ಕೆ ತುಂಬಿಸಿಕೊಟ್ಟಿದ್ದಳು. ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ದ್ಯಾವಯ್ಯ, ಅಂದು ತಾಳ ಕೆಟ್ಟಿದ್ದು ತನ್ನ ತಪ್ಪಿನಿಂದಲ್ಲ ಎಂದು ತೋರಿಸಲೆಂದೇ ಆನೇಮಹಲಿನಿಂದ ನಡೆದು ಬಂದಿದ್ದ.

“ಈಗ ಬತ್ತದೆ ನೋಡವ್ವ, ಆ ನೆಟ್ಟಗಿರೋ ಸೊಪ್ರಾನೊ ಸ್ಯಾಕ್ಸೊಫೋನು. ಮಧ್ಯದಲ್ಲಿ ಒಂದೇ ಸ್ವರ ಎಳ್ದು ಎಳ್ದು ನನ್ ತಾಳ ಕೆಡಿಸ್ಬುಟ್ಟ. ನೀನೇ ಕೇಳು.”

“ಅದುಕ್ಕೇ ತಾನೆ ಹದಿನೆಂಟು ವರ್ಷ ಮಾತು ಬಿಟ್ಟಿದ್ದು? ಸಾವಿಗೂ ಬರ್ಲಿಲ್ಲ ನೀನು, ಪುಣ್ಯಾತ್ಮ.”

ಸ್ಯಾಕ್ಸೊಫೋನ್ ಏರಿತು. ಅದರಡಿಯಲ್ಲಿ ಡ್ರಮ್ ಮುಗ್ಗರಿಸಿ, ಎರಡು ಪೆಟ್ಟು ತಪ್ಪಿ ಬಿದ್ದು, ನಿಂತೇ ಹೋಯಿತು. ಆಮೇಲೆ ಶುರುವಾಯಿತು ಆ ಉದ್ದ ಸ್ವರ. ಒಂದೇ ಉಸಿರಿನದು. ಬರಬರುತ್ತ ತೆಳ್ಳಗಾಗಿ ನಡುಗಿತು, ಆದರೂ ಅವನು ಬಿಡಲಿಲ್ಲ. ಡ್ರಮ್ ತಡವರಿಸಿಕೊಂಡು ತಾಳಕ್ಕೆ ಮರಳಿದ ಮೇಲಷ್ಟೇ ರಂಗಸ್ವಾಮಿ ಉಸಿರೆಳೆದುಕೊಂಡ ಸದ್ದು, ಪಕ್ಕದಲ್ಲೇ ಕೂತಿದ್ದಾನೇನೋ ಎಂಬಂತೆ ಕೇಳಿತು.

ದ್ಯಾವಯ್ಯ ಮೊಬೈಲಿನ ಹತ್ತಿರಕ್ಕೆ ಬಾಗಿದ. ಮತ್ತೆ ಹಾಕಿಸಿದ. ಇನ್ನೊಮ್ಮೆ ಹಾಕಿಸಿದ. ಪ್ರತಿ ಸಲವೂ ಮೊದಲು ತಪ್ಪಿದ್ದು ಡ್ರಮ್ಮೇ.

“ಯಾರ್ದಂತೆ ತಪ್ಪು?” ಎಂದಳು ಇಂದ್ರಮ್ಮ.

“ನಂದೇ ಕಣವ್ವ. ನಾನು ತಾಳಕ್ಕೆ ವಾಪಸ್ ಬರ್ಲಿ ಅಂತ ಕಾಯ್ತಾ ಇದ್ದ.”

ಇಂದ್ರಮ್ಮ ಕಾಲು ನಿಲ್ಲಿಸಿದಳು. “ಸಾಯೋಗಂಟ್ಲೂ ಕಾಯ್ತಾನೇ ಇದ್ರು, ದ್ಯಾವಣ್ಣ.”